ಅಜಾಕ್ಸ್ ಕರೆಯೋ, ಕಾಂಪೊನೆಂಟೋ? ದಲಾಲಿ ಅಂಗಡಿಯ ಆ್ಯಪ್ ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ವೆಬ್ ಆ್ಯಪ್ ಮಾಡಿಕೊಡಬೇಕು ಎಂದಿಟ್ಟುಕೊಳ್ಳಿ. ಪರದೆಗಳು ನಾಲ್ಕು. ರೈತರ ಹೆಸರು, ಊರು ಸೇರಿಸುವ ನೋಂದಣಿ. ಹಳೆಯ ರೈತರನ್ನು ಹೆಸರಿನಿಂದ ಹುಡುಕುವ ಪಟ್ಟಿ. ಇವತ್ತಿನ ದರ ತೋರಿಸುವ ಸಣ್ಣ ಹಲಗೆ. ಕೊನೆಯದು ಗುಮಾಸ್ತರು ದಿನವಿಡೀ ಕೂರುವ ಬಿಲ್ ಪರದೆ: ಲಾಟು, ಚೀಲ, ತೂಕ, ದರ, ಹಮಾಲಿ, ರೈತರ ಕೈಗೆ ಹೋಗುವ ಮೊತ್ತ.

ಇಂಥ ಕೆಲಸ ಬಂದ ದಿನವೇ ತಂಡದಲ್ಲಿ ಎರಡು ಬಣ ಏಳುತ್ತವೆ. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ನಾಲ್ಕು ಅಜಾಕ್ಸ್ ಕರೆ (ಪುಟ ಮರುಲೋಡ್ ಆಗದೆ ಸರ್ವರ್‌ನಿಂದ ಮಾಹಿತಿ ತರುವ ಕರೆ) ಹಾಕಿದರೆ ಸಂಜೆಗೆ ಮುಗೀತು ಅನ್ನುವವರು ಒಂದು ಕಡೆ. ಕೇಳುವ ಮೊದಲೇ, ಪರದೆಯನ್ನು ಕಾಂಪೊನೆಂಟುಗಳಾಗಿ ಕಟ್ಟುವ ರಿಯಾಕ್ಟ್ ಲೈಬ್ರರಿಯ ಪ್ರಾಜೆಕ್ಟ್ ತೆರೆದು ಕೂತವರು ಇನ್ನೊಂದು ಕಡೆ. ಇಬ್ಬರೂ ಇಡೀ ಆ್ಯಪ್‌ಗೆ ಒಂದೇ ಉತ್ತರ ಹುಡುಕುತ್ತಾರೆ, ತೊಡಕು ಅಲ್ಲೇ ಶುರು. ತೀರ್ಮಾನವನ್ನು ಪರದೆ ಪರದೆಗೆ ಬೇರೆಯಾಗಿ ಮಾಡಬೇಕು. ಅದಕ್ಕೆ ಬೇಕಾದ ಲೆಕ್ಕವೂ ಸರಳ: ಬಳಕೆದಾರರು ಒಂದು ಕಡೆ ಮುಟ್ಟಿದರೆ ಪರದೆಯಲ್ಲಿ ಎಷ್ಟು ಕಡೆ ಬದಲಾಗಬೇಕು?

ಮೊದಲು ಹೆಸರುಗಳ ಗೋಜಲು ಬಿಡಿಸೋಣ

ಪುಟ ಪೂರ್ತಿ ಮರುಲೋಡ್ ಆಗದೆ ಸರ್ವರ್‌ನಿಂದ ಮಾಹಿತಿ ತರುವ ರೂಢಿಗೆ ಅಜಾಕ್ಸ್ ಎಂದು ಹೆಸರಿಟ್ಟದ್ದು 2005ರಲ್ಲಿ, ಜೆಸ್ಸಿ ಜೇಮ್ಸ್ ಗ್ಯಾರೆಟ್. ಅದರ ಹಿಂದಿನ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಮಾತ್ರ 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲೇ ಇತ್ತು. ಇವತ್ತು ಬ್ರೌಸರಿನಲ್ಲೇ ಇರುವ ಫೆಚ್ ಅದೇ ಕೆಲಸವನ್ನು ಯಾವ ಲೈಬ್ರರಿಯೂ ಇಲ್ಲದೆ ಮಾಡುತ್ತದೆ.

ಕಾಂಪೊನೆಂಟ್ ಎಂದರೆ ತನ್ನ ಮಾಹಿತಿಯನ್ನೂ ಅದನ್ನು ತೋರಿಸುವ ಬಗೆಯನ್ನೂ ಒಟ್ಟಿಗೆ ಇಟ್ಟುಕೊಂಡ ಪರದೆಯ ತುಣುಕು; ಮಾಹಿತಿ ಬದಲಾದರೆ ಪರದೆ ತಾನಾಗಿಯೇ ಬದಲಾಗುತ್ತದೆ. ಈ ಪದದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ರಿಯಾಕ್ಟ್ (2013), ವ್ಯೂ (2014) ಬಗೆಯದರಲ್ಲಿ ಸ್ಥಿತಿ (ಪರದೆಯ ಸದ್ಯದ ಮಾಹಿತಿ) ಬ್ರೌಸರಿನಲ್ಲಿ ಇರುತ್ತದೆ. ಸರ್ವರ್ ಕರೆಯನ್ನು ಆಗಲೂ ನೀವೇ ಬರೆಯಬೇಕು. ಅಂದರೆ ಕಾಂಪೊನೆಂಟ್ ತಂದಿಟ್ಟರೂ ಅಜಾಕ್ಸ್ ಎಲ್ಲೂ ಹೋಗುವುದಿಲ್ಲ, ಒಂದು ಮಹಡಿ ಕೆಳಗೆ ಇಳಿಯುತ್ತದೆ ಅಷ್ಟೇ. ಜೆಎಸ್‌ಎಫ್ (ಜಾವಾ), ಲೈವ್‌ವೈರ್ (ಪಿಎಚ್‌ಪಿ), ಬ್ಲೇಜರ್ ಸರ್ವರ್ (ಡಾಟ್‌ನೆಟ್) ಬಗೆಯದರಲ್ಲಿ ಕಾಂಪೊನೆಂಟ್ ಸರ್ವರಿಗೆ ಸೇರಿದ್ದು. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆಯನ್ನು ಫ್ರೇಮ್‌ವರ್ಕೇ ನೋಡಿಕೊಳ್ಳುತ್ತದೆ, ನೀವು ಒಂದು ಸಾಲು ಜಾವಾಸ್ಕ್ರಿಪ್ಟ್ ಬರೆಯದೆಯೂ ಕೆಲಸ ನಡೆಯುತ್ತದೆ. ಬದಲಿಗೆ ಪ್ರತಿ ಕ್ಲಿಕ್‌ಗೂ ಸರ್ವರಿಗೆ ಹೋಗಿಬರುವ ದಾರಿಖರ್ಚು ಬೀಳುತ್ತದೆ.

ಹೆಜ್ಜೆ 1: ಕಾಗದದ ಮೇಲೆ ಎಣಿಸಿ

ಕಂಪ್ಯೂಟರ್ ತೆರೆಯುವ ಮೊದಲು ಪ್ರತಿ ಪರದೆಯನ್ನೂ ಕಾಗದದಲ್ಲಿ ಗೀಚಿ. ಒತ್ತುವ, ತುಂಬುವ ಜಾಗಕ್ಕೆ ಸುತ್ತು ಹಾಕಿ. ಅಲ್ಲಿಂದ ಬದಲಾಗುವ ಪ್ರತಿ ಜಾಗಕ್ಕೂ ಒಂದು ಬಾಣ ಎಳೆಯಿರಿ. ನಮ್ಮ ನಾಲ್ಕು ಪರದೆಗೆ ಹೀಗೆ ಬರುತ್ತದೆ:

ದರದ ಹಲಗೆಯಲ್ಲಿ ಬಾಣ ಒಂದೇ. ಹುಡುಕಾಟದಲ್ಲೂ ಒಂದೇ: ಅಕ್ಷರ ಒತ್ತಿದರೆ ಕೆಳಗಿನ ಪಟ್ಟಿ ಬದಲಾಗುತ್ತದೆ. ನೋಂದಣಿಯಲ್ಲಿ ಎರಡು: ಜಿಲ್ಲೆ ಆರಿಸಿದರೆ ತಾಲ್ಲೂಕು, ತಾಲ್ಲೂಕು ಆರಿಸಿದರೆ ಗ್ರಾಮ.

ಬಿಲ್ ಪರದೆಯನ್ನು ಹತ್ತಿರದಿಂದ ನೋಡಿ. ಒಂದು ಲಾಟಿನಲ್ಲಿ 42 ಚೀಲ, ಚೀಲಕ್ಕೆ 60 ಕಿಲೋ, ಒಟ್ಟು 25.20 ಕ್ವಿಂಟಲ್. ದರ ₹2,150 ಎಂದಿಟ್ಟುಕೊಂಡರೆ ₹54,180. ಹಮಾಲಿ ಚೀಲಕ್ಕೆ ₹5 ಎಂದು ಹಿಡಿದರೆ ₹210 ಕಳೆದು ₹53,970. (ದರ, ಹಮಾಲಿ ಎರಡೂ ಲೆಕ್ಕ ತೋರಿಸಲು ಹಿಡಿದ ಅಂಕಿ.) ಈಗ ಗುಮಾಸ್ತರು 42ನ್ನು 43 ಮಾಡುತ್ತಾರೆ. ಆ ಸಾಲಿನ ತೂಕ, ಆ ಸಾಲಿನ ಮೊತ್ತ, ಬಿಲ್ಲಿನ ಒಟ್ಟು ಚೀಲ, ಒಟ್ಟು ಕ್ವಿಂಟಲ್, ಹಮಾಲಿ, ನಿವ್ವಳ ಮೊತ್ತ, ಅಕ್ಷರದಲ್ಲಿ ಬರೆದ ಮೊತ್ತ: ಏಳು ಬಾಣ. 'ಉಳಿಸಿಲ್ಲ' ಎಂದು ತೋರಿಸುವ ಗುರುತೂ ಸೇರಿದರೆ ಎಂಟು.

ಒಂದೆರಡು ಬಾಣವಿದ್ದರೆ ಬರಿಯ ಅಜಾಕ್ಸ್ ಸಾಕು. ನಾಲ್ಕು ದಾಟಿದರೆ ಕಾಂಪೊನೆಂಟ್ ಬೇಕು. ಮೂರೋ ನಾಲ್ಕೋ ಇದ್ದಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಉಳಿಸುವ ಮೊದಲು ಆ ಮಾಹಿತಿ ಬ್ರೌಸರಿನಲ್ಲೇ ಎಷ್ಟು ಹೊತ್ತು ಅರೆಬರೆಯಾಗಿ ಕೂತಿರುತ್ತದೆ? ದರ ಸರ್ವರಿನದು, ಪರದೆ ಅದನ್ನು ತೋರಿಸುತ್ತದೆ ಅಷ್ಟೇ. ಅರ್ಧ ತುಂಬಿದ ಬಿಲ್ ಹಾಗಲ್ಲ. ಲಾಟುಗಳ ತೂಕ ಒಂದೊಂದಾಗಿ ಬರುವವರೆಗೆ ಅದು ಬ್ರೌಸರ್ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಹೀಗೆ ಬ್ರೌಸರಿನಲ್ಲೇ ಬಾಳುವ ಮಾಹಿತಿಗೆ ಕಾಂಪೊನೆಂಟ್ ಒಗ್ಗುತ್ತದೆ.

ಏಳು ಬಾಣಗಳನ್ನು ಜೆಕ್ವೆರಿಯಲ್ಲಿ ಬರೆಯಲಾಗದು ಎಂದಲ್ಲ. ಬರೆಯಬಹುದು. ಆದರೆ ಚೀಲ ಬದಲಾದಾಗ ಏಳು, ದರ ಬದಲಾದಾಗ ಮೂರು, ಸಾಲು ಅಳಿಸಿದಾಗ ಐದು, ಸಾಲು ಸೇರಿಸಿದಾಗ ಮತ್ತೈದು ಎಂದು ಬಾಣಗಳು ಗುಣಾಕಾರದಲ್ಲಿ ಬೆಳೆಯುತ್ತವೆ. ಅದರಲ್ಲಿ ಒಂದನ್ನು ಮರೆತರೂ ಪರದೆಯಲ್ಲಿ ಒಂದು ಮೊತ್ತ, ಮುದ್ರಿತ ಪಟ್ಟಿಯಲ್ಲಿ ಇನ್ನೊಂದು. ರೈತರ ಎದುರು ಅದಕ್ಕೆ ಉತ್ತರ ಕೊಡಬೇಕಾದವರು ಗುಮಾಸ್ತರು, ನೀವಲ್ಲ.

ಹೆಜ್ಜೆ 2: ಅಜಾಕ್ಸೂ ಬೇಡದ ಜಾಗ ಗುರುತಿಸಿ

ಜಿಲ್ಲೆ ಆರಿಸಿದ ಕೂಡಲೇ ತಾಲ್ಲೂಕು ತರಲು ಒಂದು ಕರೆ ಹಾಕುವುದು ಎಲ್ಲರ ಮೊದಲ ಅಭ್ಯಾಸ. ದಾವಣಗೆರೆ ಜಿಲ್ಲೆಗೆ ಆರು ತಾಲ್ಲೂಕು, ಚಿತ್ರದುರ್ಗಕ್ಕೆ ಆರು. ಅಂಗಡಿಗೆ ಬರುವ ಬಹುಪಾಲು ರೈತರು ಈ ಹನ್ನೆರಡರಲ್ಲೇ ಮುಗಿಯುತ್ತಾರೆ. ಹನ್ನೆರಡು ಹೆಸರಿಗೆ ಸರ್ವರಿಗೆ ಓಡಬೇಕಿಲ್ಲ. ಪುಟದ ಜೊತೆಗೇ ಕಳಿಸಿ, ಬ್ರೌಸರಿನಲ್ಲೇ ಸೋಸಿ. ಗ್ರಾಮಗಳು ತಾಲ್ಲೂಕಿಗೆ ನೂರರ ಲೆಕ್ಕದಲ್ಲಿ ಇರುವುದರಿಂದ ಅವಕ್ಕೆ ಅಜಾಕ್ಸ್ ಸರಿ.

ಆದರೆ ಆ ಹನ್ನೆರಡನ್ನು ಜಾವಾಸ್ಕ್ರಿಪ್ಟ್ ಕಡತದಲ್ಲಿ ಕೈಯಿಂದ ಬರೆದಿಡಬೇಡಿ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದರೊಳಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, ಆಮೇಲೆ ವಿಜಯನಗರ ಜಿಲ್ಲೆ ಆದಾಗ ಅತ್ತ ಹೋಯಿತು. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಪಟ್ಟಿ ಡೇಟಾಬೇಸಿನಲ್ಲಿ ಇದ್ದರೆ ಇಂಥದ್ದೆಲ್ಲ ಒಂದು ಸಾಲಿನ ತಿದ್ದುಪಡಿ. ಬಿಲ್ಡ್ ಆದ (ಬ್ರೌಸರಿಗೆ ಕಳಿಸಲು ಕಟ್ಟಿ ಸಿದ್ಧಪಡಿಸಿದ) ಕಡತದೊಳಗೆ ಇದ್ದರೆ ಮತ್ತೆ ಬಿಲ್ಡ್, ಮತ್ತೆ ಅಪ್‌ಲೋಡ್, ಅದರ ಮೇಲೆ ಹಳೆಯ ಕಡತವನ್ನೇ ಕ್ಯಾಶೆಯಲ್ಲಿ ಹಿಡಿದು ಕೂತ ಬ್ರೌಸರುಗಳ ಕಾಟ.

ಹೆಜ್ಜೆ 3: ಮೊದಲು ಸಾದಾ ಫಾರ್ಮ್ ಓಡಲಿ

ನೋಂದಣಿ ಮತ್ತು ಹುಡುಕಾಟ ಎರಡನ್ನೂ ಜಾವಾಸ್ಕ್ರಿಪ್ಟ್ ಇಲ್ಲದೆ ಒಮ್ಮೆ ಪೂರ್ತಿ ಓಡಿಸಿ. ಫಾರ್ಮ್ ಸಲ್ಲಿಸು, ಪುಟ ಬರಲಿ. ಪರಿಶೀಲನೆಯ ನಿಯಮಗಳು ಸರ್ವರಿನಲ್ಲಿ ಗಟ್ಟಿಯಾಗುತ್ತವೆ, ವಿಳಾಸಗಳು ತೀರ್ಮಾನವಾಗುತ್ತವೆ. ಆಮೇಲೆ ಪಟ್ಟಿಯ ಭಾಗವನ್ನಷ್ಟೇ ಪ್ರತ್ಯೇಕ ಟೆಂಪ್ಲೇಟ್ ಮಾಡಿ. ಪೂರ್ತಿ ಪುಟ ಕೇಳಿದರೆ ಪುಟದೊಳಗೆ ಅದೇ ಟೆಂಪ್ಲೇಟ್, ಅಜಾಕ್ಸಿನಲ್ಲಿ ಕೇಳಿದರೆ ಅದೊಂದೇ. ಒಂದೇ ಸಾಲನ್ನು ಪಿಎಚ್‌ಪಿಯಲ್ಲಿ ಒಮ್ಮೆ, ಜಾವಾಸ್ಕ್ರಿಪ್ಟಿನಲ್ಲಿ ಇನ್ನೊಮ್ಮೆ ಬರೆಯುವ ಕಾಟ ತಪ್ಪುತ್ತದೆ. ಎಚ್‌ಟಿಎಂಎಕ್ಸ್ ಲೈಬ್ರರಿ ನಿಂತಿರುವುದೇ ಈ ಯೋಚನೆಯ ಮೇಲೆ. ಜಿಪ್ ಆದ ಮೇಲೆ ಅದು ಸುಮಾರು 15 ಕೆಬಿ. ಹೋಲಿಕೆಗೆ ಹೇಳುವುದಾದರೆ ಜೆಕ್ವೆರಿ ಸುಮಾರು 30 ಕೆಬಿ, ರಿಯಾಕ್ಟ್ ಮತ್ತು ಪುಟದಲ್ಲಿ ಚಿತ್ರಿಸುವ ಅದರ ಡಾಮ್ ಭಾಗ ಸೇರಿ 40 ಕೆಬಿಗೂ ಹೆಚ್ಚು. ಗಾತ್ರ ನೋಡಿ ತೀರ್ಮಾನಿಸಬೇಕಿಲ್ಲ ಬಿಡಿ. ಎರಡು ವರ್ಷ ಬಿಟ್ಟು ಬಿಲ್ಡ್ ಓಡಿಸಿ ತಿದ್ದಿಕೊಡಲು ಯಾರಿರುತ್ತಾರೆ ಅನ್ನುವುದು ಅದಕ್ಕಿಂತ ದೊಡ್ಡ ಲೆಕ್ಕ.

ಹೆಜ್ಜೆ 4: ಅಜಾಕ್ಸ್ ಕರೆಯನ್ನು ನೆಟ್ಟಗೆ ಬರೆಯುವುದು

ಅಜಾಕ್ಸ್ ಸಾಕು ಎಂದು ಹೊರಟವರು ಎಡವುವುದು ಬಹುತೇಕ ಇಲ್ಲೇ. ಕರೆ ಬರೆಯಲು ಐದು ನಿಮಿಷ. ಅದು ಕೈಕೊಟ್ಟಾಗ ಏನಾಗಬೇಕು ಎಂದು ಬರೆಯಲು ಅರ್ಧ ದಿನ.

ಫೆಚ್‌ನ ಮೊದಲ ಮೋಸ: ಸರ್ವರ್ 404 (ಕೇಳಿದ್ದು ಸಿಗಲಿಲ್ಲ) ಕೊಟ್ಟರೂ 500 (ಸರ್ವರಿನಲ್ಲೇ ತಪ್ಪು) ಕೊಟ್ಟರೂ ಫೆಚ್ ಪಾಲಿಗೆ ಅದು ಯಶಸ್ಸೇ. ಉತ್ತರವೇ ಬಾರದಿದ್ದಾಗ ಮಾತ್ರ ತಪ್ಪು ಹಿಡಿಯುವ ಕ್ಯಾಚ್‌ಗೆ ಬೀಳುತ್ತದೆ. ಉತ್ತರದ 'ಓಕೆ' ಗುಣವನ್ನು ಪ್ರತಿ ಸಲ ನೀವೇ ನೋಡಬೇಕು. ಜೆಕ್ವೆರಿಯಿಂದ ಬಂದವರಿಗೆ ಇದು ಹೊಸದು; ಅಲ್ಲಿ 500 ಬಂದರೆ ಎರರ್ ಭಾಗವೇ ಓಡುತ್ತಿತ್ತು.

ಎರಡನೆಯದು ಲಾಗಿನ್ ಅವಧಿ ಮುಗಿಯುವುದು. ಗುಮಾಸ್ತರು ಊಟಕ್ಕೆ ಹೋಗಿ ಬಂದು ಹುಡುಕಾಟ ಒತ್ತುತ್ತಾರೆ. ಸರ್ವರ್ ಲಾಗಿನ್ ಪುಟಕ್ಕೆ ತಿರುಗಿಸುತ್ತದೆ. ಫೆಚ್ ಸದ್ದಿಲ್ಲದೆ ಹಿಂಬಾಲಿಸಿ, ಲಾಗಿನ್ ಪುಟದ ಎಚ್‌ಟಿಎಂಎಲ್ ತಂದು, 200 (ಎಲ್ಲ ಸರಿ) ಎಂದು ಹೇಳುತ್ತದೆ. ಜೇಸನ್ (ಮಾಹಿತಿ ಸಾಗಿಸುವ ಪಠ್ಯ ರೂಪ) ನಿರೀಕ್ಷಿಸಿದ್ದ ಕೋಡ್ 'ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <' ಎಂದು ಬೀಳುತ್ತದೆ. ಎಚ್‌ಟಿಎಂಎಲ್ ತುಣುಕು ನಿರೀಕ್ಷಿಸಿದ್ದರೆ ಇನ್ನೂ ಚೆಂದ: ಪಟ್ಟಿಯ ಜಾಗದಲ್ಲಿ ಪೂರ್ತಿ ಲಾಗಿನ್ ಪುಟ ಬಂದು ಕೂರುತ್ತದೆ. ಪರಿಹಾರ ಸರ್ವರಿನಲ್ಲಿದೆ. ಅಜಾಕ್ಸ್ ಕರೆಯನ್ನು ಲಾಗಿನ್ ಪುಟಕ್ಕೆ ತಿರುಗಿಸಬೇಡಿ, 401 (ಲಾಗಿನ್ ಬೇಕು) ಕೊಡಿ. ಬ್ರೌಸರಿನ ಕೋಡ್ 401 ಕಂಡರೆ 'ಮತ್ತೆ ಲಾಗಿನ್ ಆಗಿ' ಎಂದು ಹೇಳಲಿ. ಸಿಎಸ್‌ಆರ್‌ಎಫ್ ಟೋಕನ್ (ಕರೆ ನಮ್ಮ ಪುಟದಿಂದಲೇ ಬಂತೆಂದು ತೋರಿಸುವ ಗುಟ್ಟಿನ ಗುರುತು) ಹಳತಾದಾಗಲೂ ಹೀಗೇ; ಸರ್ವರ್ ಫ್ರೇಮ್‌ವರ್ಕುಗಳಲ್ಲಿ ಲಾರಾವೆಲ್ ಅದಕ್ಕೆ 419 ಕೊಡುತ್ತದೆ, ಜಾಂಗೊ 403.

ಮೂರನೆಯದು ಕಾಲಮಿತಿ. ಫೆಚ್‌ಗೆ ತನ್ನದೇ ಆದ ಕಾಲಮಿತಿ ಇಲ್ಲ. ಗೋದಾಮಿನ ತಗಡಿನ ಕೆಳಗೆ ಸಿಗ್ನಲ್ ಅರೆಜೀವವಾಗಿದ್ದರೆ ಗಾಲಿ ತಿರುಗುತ್ತಲೇ ಇರುತ್ತದೆ. ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್‌ಗೆ 15,000 ಮಿಲಿಸೆಕೆಂಡ್ ಕೊಡಿ. ಹುಡುಕಾಟಕ್ಕಾದರೆ ಅಷ್ಟಕ್ಕೇ ಮುಗಿಯಿತು. ಉಳಿಸುವ ಕರೆಗೆ ಮುಗಿಯುವುದಿಲ್ಲ: ಕಾಲಮಿತಿ ಮೀರಿದಾಗ ಬಿಲ್ ಸರ್ವರಿಗೆ ತಲುಪಿತ್ತೋ ಇಲ್ಲವೋ ಬ್ರೌಸರಿಗೆ ಗೊತ್ತಿರುವುದಿಲ್ಲ. ಗುಮಾಸ್ತರು ಮತ್ತೆ ಒತ್ತುತ್ತಾರೆ, ಒಂದೇ ಲಾಟಿಗೆ ಎರಡು ಬಿಲ್. ಇದಕ್ಕೆ ಬಟನ್ ನಿಷ್ಕ್ರಿಯ ಮಾಡುವುದಷ್ಟೇ ಸಾಲದು. ಹೊಸ ಬಿಲ್ ತೆರೆದ ಕ್ಷಣದಲ್ಲೇ ಬ್ರೌಸರಿನಲ್ಲಿ ಒಂದು ಯುಯುಐಡಿ (ಮತ್ತೆಲ್ಲೂ ಮರುಕಳಿಸದ ಗುರುತು) ಹುಟ್ಟಿಸಿ. ಕ್ರಿಪ್ಟೊದ ರ್‍ಯಾಂಡಮ್‌ಯುಯುಐಡಿ ಇದನ್ನು ಮಾಡುತ್ತದೆ. ಲೋಕಲ್‌ಹೋಸ್ಟ್ ಬಿಟ್ಟರೆ ಎಚ್‌ಟಿಟಿಪಿಎಸ್ ಇದ್ದಲ್ಲಿ ಮಾತ್ರ ಸಿಗುತ್ತದೆ. ಬಿಲ್ ಜೊತೆ ಅದನ್ನೂ ಕಳಿಸಿ. ಡೇಟಾಬೇಸಿನಲ್ಲಿ ಆ ಕಾಲಂಗೆ ಯೂನಿಕ್ ಇಂಡೆಕ್ಸ್ ಇಡಿ. ಎರಡನೆಯ ಸಲ ಅದೇ ಐಡಿ ಬಂದರೆ ಹೊಸ ಬಿಲ್ ಮಾಡದೆ ಹಳೆಯದನ್ನೇ ವಾಪಸ್ ಕೊಡಿ.

ನಾಲ್ಕನೆಯದು, ಆಮೇಲೆ ಬಂದ ಸಾಲುಗಳಿಗೆ ಕ್ಲಿಕ್ ಹತ್ತದಿರುವುದು. ಪುಟ ತೆರೆದಾಗ ಇದ್ದ ಅಳಿಸುವ ಬಟನ್‌ಗಳಿಗೆ ಕ್ಲಿಕ್ ಕಟ್ಟಿದ್ದೀರಿ. ಅಜಾಕ್ಸಿನಲ್ಲಿ ಬಂದ ಸಾಲುಗಳು ಆಗ ಇರಲೇ ಇಲ್ಲ. ಕ್ಲಿಕ್ಕನ್ನು ಪಟ್ಟಿಯ ಹೊರಗಿನ ಸ್ಥಿರ ಡಿವ್‌ಗೆ (ಪುಟದ ಒಂದು ಚೌಕಟ್ಟಿಗೆ) ಕಟ್ಟಿ, ಒಳಗೆ ಯಾವ ಬಟನ್ ಎಂದು ಕ್ಲೋಸೆಸ್ಟ್‌ನಿಂದ ನೋಡಿಕೊಳ್ಳಿ.

ಐದನೆಯದು ಸುರಕ್ಷತೆ. ರೈತರ ಹೆಸರಿನಂಥ ಬಳಕೆದಾರರು ತುಂಬಿದ ಯಾವ ಪಠ್ಯವನ್ನೂ ಇನ್ನರ್‌ಎಚ್‌ಟಿಎಂಎಲ್‌ಗೆ ಅಂಟಿಸಬೇಡಿ, ಟೆಕ್ಸ್ಟ್‌ಕಂಟೆಂಟ್ ಬಳಸಿ. ರಿಯಾಕ್ಟ್, ವ್ಯೂ ಇದನ್ನು ತಾವಾಗಿಯೇ ನೋಡಿಕೊಳ್ಳುತ್ತವೆ. ಕಾಂಪೊನೆಂಟಿನ ಪರವಾಗಿ ಹೇಳಬಹುದಾದ ಒಳ್ಳೆಯ ಮಾತುಗಳಲ್ಲಿ ಇದೂ ಒಂದು.

ದರದ ಹಲಗೆಗೆ ಹೆಚ್ಚು ಹೇಳುವುದಿಲ್ಲ. ಐದು ಸೆಕೆಂಡಿಗೊಮ್ಮೆ ಕೇಳುವ 40 ಟ್ಯಾಬ್ ತೆರೆದಿದ್ದರೆ ನಿಮಿಷಕ್ಕೆ 480 ಕರೆ. ಒಂದು ನಿಮಿಷಕ್ಕೊಮ್ಮೆ ಕೇಳಿ, ಟ್ಯಾಬ್ ಮರೆಯಾದಾಗ ನಿಲ್ಲಿಸಿ.

ಹೆಜ್ಜೆ 5: ಕನ್ನಡದ ಹುಡುಕಾಟ

ಇಂಗ್ಲಿಷಿನಲ್ಲಿ ಬರೆದ ಪಾಠಗಳನ್ನು ಹಾಗೇ ಎತ್ತಿಕೊಂಡರೆ ಕನ್ನಡದ ಹುಡುಕಾಟ ಕೆಡುತ್ತದೆ.

'ದಾವಣಗೆರೆ' ಕಣ್ಣಿಗೆ ಐದು ಅಕ್ಷರ, ಜಾವಾಸ್ಕ್ರಿಪ್ಟಿನ ಲೆಂಗ್ತ್‌ಗೆ ಎಂಟು. ಸ್ವರಚಿಹ್ನೆಗಳನ್ನೂ ಅದು ಬೇರೆಯಾಗಿ ಎಣಿಸುತ್ತದೆ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 24. ಯುಆರ್‌ಎಲ್‌ನಲ್ಲಿ ಎನ್‌ಕೋಡ್ ಆದಾಗ 72 ಅಕ್ಷರ. ಹೀಗಾಗಿ ಸೋಸುವ ಆಯ್ಕೆಗಳಲ್ಲಿ ಮೂವತ್ತು ಊರಿನ ಹೆಸರನ್ನು ಯುಆರ್‌ಎಲ್‌ಗೆ ತುರುಕುವ ಬದಲು ಊರಿನ ಐಡಿ ಕಳಿಸಿ. 'ಎರಡು ಅಕ್ಷರವಾದ ಮೇಲೆ ಹುಡುಕು' ಎಂದು ಲೆಂಗ್ತ್ ನೋಡಿ ಬರೆದರೆ 'ಕೃ' ಒತ್ತಿದ ಕೂಡಲೇ ಹುಡುಕಾಟ ಓಡುತ್ತದೆ. 'ಕ್ಷ'ಕ್ಕೆ ಲೆಂಗ್ತ್ ಮೂರು. ಸ್ವರಚಿಹ್ನೆಯನ್ನು ಅಕ್ಷರದ ಜೊತೆಗೇ ಸೇರಿಸಿ ಎಣಿಸಬೇಕಿದ್ದರೆ ಬ್ರೌಸರಿನ ಇಂಟ್ಲ್ ಸೆಗ್ಮೆಂಟರ್ ಇದೆ; ಕನ್ನಡದ ಒತ್ತಕ್ಷರಗಳನ್ನು ಮಾತ್ರ ಅದು ಒಡೆದು ಎಣಿಸಬಹುದು. ಹೆಸರು ಹುಡುಕುವ ಇಂಥ ಕೆಲಸಕ್ಕೆ ಕನಿಷ್ಠ ಲೆಂಗ್ತ್ ಮೂರು ಎಂದು ಇಟ್ಟರೂ ನಡೆಯುತ್ತದೆ.

ಕೀಅಪ್ ಈವೆಂಟಿಗೆ ಹುಡುಕಾಟ ಕಟ್ಟಬೇಡಿ. ಆಂಡ್ರಾಯ್ಡ್ ಕೀಲಿಮಣೆಗಳು ಯಾವ ಕೀಲಿ ಒತ್ತಿದರೂ ಬಹಳ ಸಲ ಕೀಲಿಯ ಸಂಖ್ಯೆ 229 ಎಂದೇ ಹೇಳುತ್ತವೆ. ಇನ್‌ಪುಟ್ ಈವೆಂಟ್ ಬಳಸಿ, ಕೊನೆಯ ಒತ್ತಿನಿಂದ 300 ಮಿಲಿಸೆಕೆಂಡ್ ಕಾದು ಕರೆ ಹಾಕಿ. ಪದ ಇನ್ನೂ ಕಂಪೋಸ್ ಆಗುತ್ತಿದ್ದರೆ ಹುಡುಕಬೇಡ ಎಂಬ ನಿಯಮ ಡೆಸ್ಕ್‌ಟಾಪಿನಲ್ಲಿ ಚೆನ್ನ. ಮೊಬೈಲಿನಲ್ಲಿ ಕೆಲವು ಕೀಲಿಮಣೆಗಳು ಸ್ಪೇಸ್ ಒತ್ತುವವರೆಗೂ ಕಂಪೋಸ್ ಸ್ಥಿತಿಯಲ್ಲೇ ಇರುವುದರಿಂದ ಹುಡುಕಾಟ ಸತ್ತೇಹೋದಂತೆ ಕಾಣುತ್ತದೆ. 300 ಮಿಲಿಸೆಕೆಂಡ್ ಕಾಯುವುದೊಂದನ್ನೇ ನೆಚ್ಚಿಕೊಳ್ಳುವುದು ಲೇಸು.

ಇನ್ನು ಉತ್ತರಗಳ ಓಟದ ಪಂದ್ಯ. 'ಬಸವ' ಎಂದು ಬರೆದು ಒಂದು ಗಳಿಗೆ ನಿಂತು 'ಬಸವರಾಜ' ಎಂದು ಮುಗಿಸಿದರೆ ಎರಡು ಕರೆ ಹೋಗುತ್ತವೆ. ಮೊದಲನೆಯದಕ್ಕೆ ಬಸವರಾಜ, ಬಸವನಗೌಡ, ಬಸವಲಿಂಗಪ್ಪ ಎಲ್ಲರೂ ಸೇರಿ ಉತ್ತರ ದೊಡ್ಡದು, ತಡವಾಗಿ ಬರುತ್ತದೆ. ಪೆಟ್ಟಿಗೆಯಲ್ಲಿ 'ಬಸವರಾಜ', ಕೆಳಗೆ 'ಬಸವ'ದ ಪಟ್ಟಿ. ಹೊಸ ಕರೆ ಹಾಕುವ ಮೊದಲು ಹಳೆಯದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ. ರದ್ದಾದ ಕರೆ ಅಬಾರ್ಟ್‌ಎರರ್ ಎಂದು ಕ್ಯಾಚ್‌ಗೆ ಬೀಳುತ್ತದೆ. ಅದಕ್ಕೆ ಕೆಂಪು ಪಟ್ಟಿಯ ಎಚ್ಚರಿಕೆ ತೋರಿಸದೆ ಸುಮ್ಮನಿರಿ. ಈ ರೋಗ ರಿಯಾಕ್ಟಿನಲ್ಲೂ ಇದ್ದದ್ದೇ, ಕಾಂಪೊನೆಂಟ್ ಇದನ್ನು ವಾಸಿ ಮಾಡುವುದಿಲ್ಲ.

ಹುಡುಕಿದರೂ ಸಿಗದಿರುವುದಕ್ಕೆ ಇನ್ನೊಂದು ಕಾರಣ ಯುನಿಕೋಡಿನಲ್ಲಿದೆ. 'ಮೆಕ್ಕೆಜೋಳ'ದ 'ಜೋ' ಒಂದೇ ಚಿಹ್ನೆಯ ಓ ಸ್ವರವಾಗಿ ಇರಬಹುದು, ಇಲ್ಲವೇ ಏತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಇರಬಹುದು. ಒಂದರಲ್ಲಿ ಪದದ ಲೆಂಗ್ತ್ 9, ಇನ್ನೊಂದರಲ್ಲಿ 11. ಕಣ್ಣಿಗೆ ಎರಡೂ ಒಂದೇ. ಬೈಟ್ ಲೆಕ್ಕದಲ್ಲಿ ಹೋಲಿಸುವ ಕೋಡಿಗೆ ಮಾತ್ರ ಬೇರೆ ಬೇರೆ ಪದ. ಉಳಿಸುವಾಗಲೂ ಹುಡುಕುವಾಗಲೂ ಸರ್ವರಿನಲ್ಲೇ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸಿದ ರೂಪಕ್ಕೆ) ತನ್ನಿ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಇಟ್ಟ ರೈತರ ಪಟ್ಟಿಯನ್ನು ತಂದು ಸುರಿಯುವುದಿದ್ದರೆ ಅದು ಬೇರೆಯದೇ ಕೆಲಸ, ಮೊದಲು ಯುನಿಕೋಡಿಗೆ ಪರಿವರ್ತಿಸಲೇಬೇಕು.

ಅಂಕಿಗಳಿಗೂ ಇದೇ ಗತಿ. ಕನ್ನಡ ಕೀಲಿಮಣೆಯಲ್ಲೇ '೪೨' ಎಂದು ಒತ್ತಿದರೆ ಜಾವಾಸ್ಕ್ರಿಪ್ಟಿನ ನಂಬರ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ, ಎನ್‌ಎಎನ್ ಕೊಡುತ್ತದೆ. ಕನ್ನಡ ಸೊನ್ನೆಯ ಯುನಿಕೋಡ್ ಸಂಖ್ಯೆ 3302, ಒಂಬತ್ತರದು 3311. ಪ್ರತಿ ಅಂಕಿಯಿಂದ 3254 ಕಳೆದರೆ ಸಾದಾ ಅಂಕಿ ಸಿಗುತ್ತದೆ. ಮೂರು ಸಾಲಿನ ಫಂಕ್ಷನ್. ತೂಕ ತುಂಬುವ ಪ್ರತಿ ಜಾಗದಲ್ಲೂ ಅದರ ಮೂಲಕವೇ ಹಾಯಿಸಿ.

ಹೆಜ್ಜೆ 6: ಬಿಲ್ ಪರದೆಯೊಂದನ್ನೇ ಕಾಂಪೊನೆಂಟ್ ಮಾಡಿ

ಇಡೀ ಆ್ಯಪನ್ನು ರಿಯಾಕ್ಟಿಗೆ ಸಾಗಿಸಬೇಕಿಲ್ಲ. ಸರ್ವರ್ ಕೊಡುವ ಬಿಲ್ ಪುಟದಲ್ಲಿ ಒಂದು ಖಾಲಿ ಡಿವ್ ಇಡಿ. ಬಿಲ್ಲಿನ ಆರಂಭದ ಮಾಹಿತಿಯನ್ನು ಅದೇ ಪುಟದಲ್ಲಿ ಜೇಸನ್ ಆಗಿ ಒಂದು ಸ್ಕ್ರಿಪ್ಟ್ ಟ್ಯಾಗಿನೊಳಗೆ ಬರೆಯಿರಿ. ಅದರಲ್ಲಿ ಬರುವ '<' ಚಿಹ್ನೆಯನ್ನು ತಪ್ಪದೆ ಎಸ್ಕೇಪ್ ಮಾಡಿ. ಆ ಡಿವ್ ಒಳಗೆ ಕಾಂಪೊನೆಂಟ್ ಏಳಲಿ. ಪುಟ ತೆರೆದು, ಆಮೇಲೆ ಕಾಂಪೊನೆಂಟ್ ಎದ್ದು, ಅದಾದ ಮೇಲೆ ಮಾಹಿತಿ ಕೇಳುವ ಮೂರು ಹಂತದ ಕಾಯುವಿಕೆ ಇದರಿಂದ ತಪ್ಪುತ್ತದೆ. ಮೆನು, ನೋಂದಣಿ, ಹುಡುಕಾಟ ಎಲ್ಲವೂ ಮೊದಲಿನಂತೆ ಸರ್ವರ್ ಪುಟಗಳೇ.

ಒಳಗೆ ಸ್ಥಿತಿಯಲ್ಲಿ ಏನಿಡಬೇಕು? ಕೈಯಿಂದ ತುಂಬುವುದನ್ನು ಮಾತ್ರ: ಚೀಲ, ಒಂದು ಚೀಲದ ತೂಕ, ದರ. ಮೊತ್ತ, ಹಮಾಲಿ, ಅಕ್ಷರದ ಮೊತ್ತ ಯಾವುದನ್ನೂ ಸ್ಥಿತಿಯಲ್ಲಿ ಇಡಬೇಡಿ. ಚಿತ್ರಿಸುವಾಗ ಲೆಕ್ಕ ಹಾಕಿ. ಒಟ್ಟನ್ನೂ ರಿಯಾಕ್ಟ್ ಸ್ಥಿತಿ ಇಡುವ ಯೂಸ್‌ಸ್ಟೇಟಿನಲ್ಲಿ ಇಟ್ಟು, ಚಿತ್ರಿಸಿದ ಮೇಲೆ ಓಡುವ ಯೂಸ್‌ಎಫೆಕ್ಟಿನಲ್ಲಿ ಅದನ್ನು ತಿದ್ದುತ್ತಾ ಹೋದರೆ ಜೆಕ್ವೆರಿಯ ಏಳು ಬಾಣಗಳೇ ಬೇರೆ ವೇಷದಲ್ಲಿ ವಾಪಸ್ ಬಂದವು ಎಂದು ತಿಳಿಯಿರಿ.

ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡಿ. ಜಾವಾಸ್ಕ್ರಿಪ್ಟಿನಲ್ಲಿ 1.005ನ್ನು 100ರಿಂದ ಗುಣಿಸಿದರೆ 100.49999999999999 ಬರುತ್ತದೆ. ಅದನ್ನು ದುಂಡು ಮಾಡಿದರೆ 101 ಆಗಬೇಕಿದ್ದದ್ದು 100 ಆಗುತ್ತದೆ. ಪರದೆಯ ಮೊತ್ತ ನೋಡಿಕೊಳ್ಳಲಿಕ್ಕೆ ಅಷ್ಟೇ. ಉಳಿಸುವಾಗ ಸರ್ವರ್ ಚೀಲ, ತೂಕ, ದರ ತೆಗೆದುಕೊಂಡು ತಾನೇ ಲೆಕ್ಕ ಹಾಕಲಿ, ಬ್ರೌಸರ್ ಕಳಿಸಿದ ಮೊತ್ತವನ್ನು ನಂಬಬಾರದು. ತೋರಿಸುವಾಗ ಲಕ್ಷ ಕೋಟಿಯ ಅಲ್ಪವಿರಾಮಕ್ಕೆ ಭಾರತದ ಇಂಗ್ಲಿಷ್ ಲೊಕೇಲ್ ಕೊಟ್ಟರೆ 1,00,000 ಎಂದೇ ಬರುತ್ತದೆ.

ಲಾಟಿನ ಸಾಲುಗಳಿಗೆ ಕೀ (ಸಾಲನ್ನು ಗುರುತಿಸಲು ರಿಯಾಕ್ಟ್ ಬಳಸುವ ಗುರುತು) ಕೊಡುವಾಗ ಸಾಲಿನ ಕ್ರಮಸಂಖ್ಯೆ ಕೊಡಬೇಡಿ. ಸಾಲು ತನ್ನೊಳಗೇ ಅರ್ಧ ತುಂಬಿದ ತೂಕ ಇಟ್ಟುಕೊಂಡಿದ್ದರೆ, ಎರಡನೆಯ ಲಾಟು ಅಳಿಸಿದಾಗ ಅದರ ತೂಕ ಮೂರನೆಯ ಲಾಟಿನ ಮುಂದೆ ಉಳಿದುಕೊಳ್ಳುತ್ತದೆ. ಎರಡನೆಯ ಜಾಗದಲ್ಲಿ ಇನ್ನೂ ಒಂದು ಸಾಲು ಇದೆ, ಹಾಗಾದರೆ ಅದು ಹಳೆಯದೇ ಎಂದು ರಿಯಾಕ್ಟ್ ಭಾವಿಸುವುದರಿಂದ ಹೀಗೆ. ಸಾಲು ಹುಟ್ಟಿದಾಗಲೇ ಅದಕ್ಕೊಂದು ಐಡಿ ಕೊಡಿ.

ಡೆವಲಪ್‌ಮೆಂಟಿನಲ್ಲಿ ಒಂದೇ ಕರೆ ಎರಡು ಸಲ ಹೋಗುವುದು ಕಂಡರೆ ಗಾಬರಿ ಬೇಡ. ರಿಯಾಕ್ಟ್ 18ರಿಂದ ಸ್ಟ್ರಿಕ್ಟ್‌ಮೋಡ್ ಎಫೆಕ್ಟುಗಳನ್ನು ಬೇಕೆಂದೇ ಒಮ್ಮೆ ಕಿತ್ತು ಮತ್ತೆ ಓಡಿಸುತ್ತದೆ. ನೀವು ಕ್ಲೀನಪ್ (ಎಫೆಕ್ಟನ್ನು ಕೀಳುವಾಗ ಓಡುವ ಕೋಡ್) ಬರೆದಿದ್ದೀರೋ ಇಲ್ಲವೋ ನೋಡುವ ಉಪಾಯ ಅದು. ಸ್ಟ್ರಿಕ್ಟ್‌ಮೋಡ್ ಕಿತ್ತುಹಾಕುವ ಬದಲು ಕ್ಲೀನಪ್ಪಿನಲ್ಲಿ ಕರೆ ರದ್ದು ಮಾಡಿ.

ಹೆಜ್ಜೆ 7: ಒಂದು ಜಾಗಕ್ಕೆ ಒಬ್ಬರೇ ಯಜಮಾನರು

ಎರಡೂ ಬಗೆ ಒಂದೇ ಆ್ಯಪಿನಲ್ಲಿ ಇರಬಹುದು, ಒಂದೇ ಡಿವ್‌ನಲ್ಲಿ ಇರಕೂಡದು. ರಿಯಾಕ್ಟ್ ಚಿತ್ರಿಸಿದ ಜಾಗದೊಳಗೆ ಜೆಕ್ವೆರಿಯಿಂದ ಒಂದು ಸಾಲು ಕಿತ್ತರೆ, ಮುಂದಿನ ಸಲ ರಿಯಾಕ್ಟ್ ಅದೇ ಸಾಲು ತೆಗೆಯಲು ಹೋಗಿ 'ರಿಮೂವ್‌ಚೈಲ್ಡ್' ತಪ್ಪು ಕೊಟ್ಟು ಪರದೆ ಬೆಳ್ಳಗಾಗುತ್ತದೆ. ನೀವು ಮುಟ್ಟದಿದ್ದರೂ ಇದು ಆಗಬಹುದು: ಕ್ರೋಮಿನ ಅನುವಾದ ಪುಟದ ಪಠ್ಯವನ್ನು ಫಾಂಟ್ ಟ್ಯಾಗುಗಳಿಂದ ಬದಲಿಸುತ್ತದೆ, ರಿಯಾಕ್ಟ್ ಹುಡುಕುವ ಪಠ್ಯ ಆ ಜಾಗದಲ್ಲಿ ಇರುವುದಿಲ್ಲ. ಕನ್ನಡ ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಇಂಗ್ಲಿಷ್ ಎಂದೇ ಉಳಿದಿದ್ದರೆ ತಿದ್ದಿ. ಬಿಲ್ ಡಿವ್‌ಗೆ ಅನುವಾದ ಬೇಡ ಎಂಬ ಗುಣ ಹಚ್ಚಿ. ಬದಲಾಗುವ ಪಠ್ಯವನ್ನು ಬರಿದೇ ಬಿಡದೆ ಸ್ಪ್ಯಾನ್ ಒಳಗೆ ಇಡಿ.

ಸರ್ವರ್ ಬಗೆಯ ಕಾಂಪೊನೆಂಟುಗಳಲ್ಲಿ ಈ ಬೆರಕೆ ಇನ್ನೂ ಕಪಟಿ. ಜೆಎಸ್‌ಎಫ್‌ನ ತಾಲ್ಲೂಕು ಪಟ್ಟಿಗೆ ಸ್ವಂತ ಅಜಾಕ್ಸಿನಿಂದ ಆಯ್ಕೆಗಳನ್ನು ತುಂಬಿದರೆ ಪರದೆಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಸಲ್ಲಿಸಿದಾಗ ಮಾತ್ರ 'ವ್ಯಾಲ್ಯೂ ಈಸ್ ನಾಟ್ ವ್ಯಾಲಿಡ್'. ಸರ್ವರಿನಲ್ಲಿರುವ ಆ ಪಟ್ಟಿಯಲ್ಲಿ ನೀವು ತುಂಬಿದ ತಾಲ್ಲೂಕು ಇಲ್ಲ. ಇಲ್ಲದ್ದನ್ನು ಅದು ಒಪ್ಪುವುದಿಲ್ಲ. ಅಲ್ಲಿ ಫ್ರೇಮ್‌ವರ್ಕಿನ ಅಜಾಕ್ಸ್ ಟ್ಯಾಗನ್ನೇ ಬಳಸಬೇಕು. ಆ ಟ್ಯಾಗ್ ಏನೂ ಹೇಳದಿದ್ದರೆ ತನ್ನ ಕಾಂಪೊನೆಂಟನ್ನು ಮಾತ್ರ ಕಳಿಸುತ್ತದೆ, ಯಾವುದನ್ನೂ ಮತ್ತೆ ಚಿತ್ರಿಸುವುದಿಲ್ಲ. ಕರೆ ಹೋಗುತ್ತಿದೆ, ಪರದೆ ಬದಲಾಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಮೊದಲು ರೆಂಡರ್ ಗುಣ ಬರೆದಿದ್ದಾರೋ ನೋಡಬೇಕು. ಲೈವ್‌ವೈರ್ 3ರಲ್ಲಿ ಮಾಡೆಲ್‌ಗೆ 'ಲೈವ್' ಹಚ್ಚಿದರೆ 150 ಮಿಲಿಸೆಕೆಂಡ್ ಬಿಟ್ಟು ಸರ್ವರಿಗೆ ಓಡುತ್ತದೆ. ನೋಂದಣಿಗೆ ಪರವಾಗಿಲ್ಲ. ಬಿಲ್ ಪರದೆಯ ಪ್ರತಿ ತೂಕಕ್ಕೂ ಹೀಗೆ ಓಡಿಸಿದರೆ ಗುಮಾಸ್ತರ ಬೆರಳಿಗಿಂತ ಪರದೆ ಹಿಂದೆ ಬೀಳುತ್ತದೆ.

ಹೆಜ್ಜೆ 8: ಒಪ್ಪಿಸುವ ಮೊದಲು ಕೆಡಿಸಿ ನೋಡಿ

ಕ್ರೋಮಿನ ಡೆವ್‌ಟೂಲ್ಸ್ ತೆರೆದು ನೆಟ್‌ವರ್ಕ್ ವಿಭಾಗದಲ್ಲಿ ವೇಗವನ್ನು 3ಜಿಗೆ ಇಳಿಸಿ. 'ಬಸವ', ಸ್ವಲ್ಪ ತಡೆದು 'ಬಸವರಾಜ' ಎಂದು ಬರೆದು ಪಟ್ಟಿ ಯಾವುದರದು ನೋಡಿ. ಬಿಲ್ ಉಳಿಸುವ ಬಟನ್ ಐದು ಸಲ ಬೇಗಬೇಗ ಒತ್ತಿ, ಡೇಟಾಬೇಸಿನಲ್ಲಿ ಎಷ್ಟು ಸಾಲು ಬಂತು ಎಣಿಸಿ. ಎರಡು ಟ್ಯಾಬಿನಲ್ಲಿ ಒಂದೇ ಬಿಲ್ ತೆರೆದು ಎರಡರಲ್ಲೂ ಬೇರೆ ಬೇರೆ ತೂಕ ಹಾಕಿ ಉಳಿಸಿ; ಎರಡನೆಯದು ಮೊದಲನೆಯದನ್ನು ಸದ್ದಿಲ್ಲದೆ ನುಂಗಿದರೆ ಬಿಲ್ಲಿಗೆ ಆವೃತ್ತಿ ಸಂಖ್ಯೆ ಸೇರಿಸಿ, ಹಳೆಯ ಸಂಖ್ಯೆ ಬಂದರೆ 409 (ಘರ್ಷಣೆ) ಕೊಡಿ. ಹುಡುಕಾಟದ ನಂತರ ಒಬ್ಬ ರೈತರ ಪುಟ ತೆರೆದು ಹಿಂದಕ್ಕೆ ಒತ್ತಿ. ಹುಡುಕಿದ ಪದ ಮಾಯವಾಗಿದ್ದರೆ ಅದನ್ನು ರಿಪ್ಲೇಸ್‌ಸ್ಟೇಟ್‌ನಿಂದ ಯುಆರ್‌ಎಲ್‌ಗೆ ಬರೆಯುವುದನ್ನು ಮರೆತಿದ್ದೀರಿ. ಪುಶ್‌ಸ್ಟೇಟ್ ಹಾಕಿದರೆ ಒತ್ತಿದ ಪ್ರತಿ ಅಕ್ಷರಕ್ಕೂ ಒಂದೊಂದು ಸಲ ಹಿಂದಕ್ಕೆ ಒತ್ತಬೇಕಾದೀತು.

ಕೊನೆಗೆ ಒಂದು ಅರ್ಧ ತುಂಬಿದ ಬಿಲ್ ಇಟ್ಟುಕೊಂಡು, ಇನ್ನೊಂದು ಟ್ಯಾಬಿನಲ್ಲಿ ಲಾಗ್‌ಔಟ್ ಆಗಿ, ವಾಪಸ್ ಬಂದು ಉಳಿಸು ಒತ್ತಿ. ಲಾಗಿನ್ ಆಗಿ ಮರಳಿದಾಗ 42 ಚೀಲ ಅಲ್ಲೇ ಇರಬೇಕು. ಇಲ್ಲದಿದ್ದರೆ ಪ್ರತಿ ಬದಲಾವಣೆಯನ್ನೂ ಅದೇ ಯುಯುಐಡಿ ಹೆಸರಿನಲ್ಲಿ ಲೋಕಲ್‌ಸ್ಟೋರೇಜಿಗೆ ಬರೆದಿಡಿ. ಆ ಬಿಲ್ ಉಳಿಯಿತೆಂದು ಸರ್ವರ್ ಹೇಳಿದ ಮೇಲಷ್ಟೇ ಅಳಿಸಿ.